ಇಂಜೆಕ್ಷನ್ ಇಳಿದ ಮೇಲೆ ಮತ್ತೆ ಏಳುವ ತುರಿಕೆ

ಪ್ರಶ್ನೆ: ನಮ್ಮೂರು ಗದಗ-ಬೆಟಗೇರಿ. ಮನೆಯಲ್ಲಿ ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್ ಇದೆ, ಹೆಸರು ರಾಜಾ. ಎರಡನೇ ವಯಸ್ಸಿನಲ್ಲಿ ಮಳೆಗಾಲ ಬಂದಾಗ ಮೈ ತುರಿಸಿಕೊಳ್ಳಲು ಶುರು ಮಾಡಿತು, ದಸರೆ ಹೊತ್ತಿಗೆ ತಾನೇ ಕಡಿಮೆಯಾಯಿತು. ಮರುವರ್ಷ ಸಂಕ್ರಾಂತಿವರೆಗೂ ನಡೆಯಿತು. ಈ ಸಲ ಯುಗಾದಿ ಮುಗಿಯುತ್ತಿದ್ದಂತೆಯೇ ಹತ್ತಿಕೊಂಡಿದೆ. ಮುಂಗಾಲಿನ ಬೆರಳುಗಳನ್ನು ನೆಕ್ಕಿ ನೆಕ್ಕಿ ಕೂದಲು ಕಂದು ಬಣ್ಣಕ್ಕೆ ತಿರುಗಿದೆ, ಕಿವಿ ನಾರುತ್ತದೆ, ಬಾಲದ ಬುಡದಲ್ಲಿ ಕೂದಲಿಲ್ಲ, ಹೊಟ್ಟೆಯ ಮೇಲೆ ಗುಳ್ಳೆ. ಇಂಜೆಕ್ಷನ್ ಮಾಡಿಸಿದರೆ ಎರಡೇ ದಿನಕ್ಕೆ ಆರಾಮ, ಇಪ್ಪತ್ತು ದಿನ ಕಳೆದರೆ ಮತ್ತೆ ಅದೇ ಹಾಡು. ನಾಲ್ಕು ಶಾಂಪೂ ಬದಲಿಸಿದೆವು. ಊಟ ಬೆಳಿಗ್ಗೆ ಹಾಲು-ರೊಟ್ಟಿ, ರಾತ್ರಿ ಚಿಕನ್ ಅನ್ನ. ಒಬ್ಬರು ಚಿಕನ್ ಬಿಡಿಸಿ ಎನ್ನುತ್ತಾರೆ, ಇನ್ನೊಬ್ಬರು ಗಾಡಿಯ ಸುಟ್ಟ ಆಯಿಲ್ ಹಚ್ಚಿ ಎನ್ನುತ್ತಾರೆ. ಇದಕ್ಕೆ ಕಾಯಂ ಪರಿಹಾರ ಇಲ್ಲವೆ? ಆರು ವರ್ಷದ ಮಗ ರಾಜಾನ ಜೊತೆಗೇ ಮಲಗುತ್ತಾನೆ. ಅವನಿಗೆ ಹತ್ತುತ್ತದೆಯೆ?

ಉತ್ತರ: ಮಗನ ವಿಷಯವನ್ನು ಮೊದಲು ಮುಗಿಸೋಣ. ನಾಯಿಯ ಅಲರ್ಜಿ ಮನುಷ್ಯರಿಗೆ ಹತ್ತುವುದಿಲ್ಲ. ಹತ್ತುವಂಥವು ಮುಖ್ಯವಾಗಿ ಎರಡು: ಗಜಕರ್ಣ ಮತ್ತು ಕಜ್ಜಿ. ಮಗನ ಮೈಮೇಲೆ ದುಂಡಗೆ ಅಂಚು ಕೆಂಪಾದ ಮಚ್ಚೆ ಇದೆಯೆ, ಅಥವಾ ನಾಯಿಯನ್ನು ತಬ್ಬಿಕೊಳ್ಳುವ ಜಾಗದಲ್ಲಿ, ಅಂದರೆ ಮುಂಗೈ, ಹೊಟ್ಟೆ, ಎದೆಯ ಮೇಲೆ ಸಣ್ಣ ಕೆಂಪು ಗುಳ್ಳೆ ಎದ್ದು ರಾತ್ರಿ ತುರಿಸುತ್ತವೆಯೆ, ನೋಡಿ. ಇದ್ದರೆ ಅವನನ್ನು ಚರ್ಮದ ವೈದ್ಯರಿಗೆ ತೋರಿಸಿ, ನಾಯಿಯ ವೈದ್ಯರಿಗೂ ಆ ಮಾತು ಹೇಳಿ. ಎಷ್ಟೋ ಸಲ ನಾಯಿಯ ರೋಗ ಗೊತ್ತಾಗುವುದು ಮನೆಯವರ ಕೈ ನೋಡಿ. ಏನೂ ಇಲ್ಲದಿದ್ದರೆ ಗಾಬರಿ ಬೇಡ. ಆದರೂ ಕಾರಣ ಗೊತ್ತಾಗುವವರೆಗೆ ಇಬ್ಬರ ಹಾಸಿಗೆ ಬೇರೆ ಬೇರೆ ಇರಲಿ.

ಇನ್ನು ಇಂಜೆಕ್ಷನ್. ನಮ್ಮ ಕಡೆ ತುರಿಕೆಗೆ 'ತಿಂಡಿ' ಎನ್ನುತ್ತೇವೆ. ನಾನು ಬೆಂಗಳೂರಲ್ಲಿ ಓದುವಾಗ 'ನಾಯಿಗೆ ತಿಂಡಿ ಜಾಸ್ತಿ ಆಗೇದ' ಎಂದಿದ್ದಕ್ಕೆ ಹಾಸ್ಟೆಲ್‌ನ ಗೆಳೆಯ 'ಹಾಗಾದ್ರೆ ಮಧ್ಯಾಹ್ನ ಊಟ ಕೊಡಬೇಡ' ಎಂದಿದ್ದ. ಆ ಮಾತು ಹಾಗಿರಲಿ. ಧಾರವಾಡದ ನನ್ನ ಕ್ಲಿನಿಕ್ಕಿಗೆ ಬರುವ ಹತ್ತು ಮಂದಿಯಲ್ಲಿ ಏಳು ಮಂದಿ ಕೇಳುವುದು ಇಷ್ಟೇ: "ಡಾಕ್ಟರ್ರ, ಹ್ವಾದ ಸಲ ಮಾಡಿದ್ರಲ್ರಿ, ಆ ಇಂಜೆಕ್ಷನ್ನ ಮಾಡಿಬಿಡ್ರಿ." ನೀವು ಬರೆದ ಲೆಕ್ಕ, ಎರಡು ದಿನಕ್ಕೆ ಆರಾಮ ಮತ್ತು ಇಪ್ಪತ್ತು ದಿನಕ್ಕೆ ವಾಪಸ್, ನೋಡಿದರೆ ಅದು ಬಹುತೇಕ ದೀರ್ಘಕಾಲ ಕೆಲಸ ಮಾಡುವ ಸ್ಟಿರಾಯ್ಡ್. ಸ್ಟಿರಾಯ್ಡ್ ಕೆಟ್ಟ ಔಷಧವಲ್ಲ, ನಾನೂ ಬಳಸುತ್ತೇನೆ. ಆದರೆ ಅದು ಯಾವ ಕಾರಣದ ತುರಿಕೆಯನ್ನಾದರೂ ಅಡಗಿಸಿಬಿಡುತ್ತದೆ. ಚಿಗಟದ ತುರಿಕೆಯೂ ಅಡಗುತ್ತದೆ, ಆಹಾರದ್ದೂ ಅಡಗುತ್ತದೆ, ಕಜ್ಜಿಯದ್ದೂ ಒಂದಿಷ್ಟು ದಿನ ಅಡಗುತ್ತದೆ. ಹಾಗಾಗಿ 'ಇಂಜೆಕ್ಷನ್‌ಗೆ ಬಗ್ಗಿತು' ಎನ್ನುವುದರಿಂದ ರೋಗ ಯಾವುದೆಂದು ತಿಳಿಯುವುದಿಲ್ಲ. ಎರಡು ವರ್ಷದಿಂದ ನಿಮಗೆ ಆರಾಮ ಸಿಕ್ಕಿದೆ, ಆ ಆರಾಮವೇ ಕಾರಣ ಹುಡುಕುವುದನ್ನು ಮುಂದೂಡುತ್ತ ಬಂದಿದೆ.

ಮೇಲಿಂದ ಮೇಲೆ ಮಾಡಿಸಿದರೆ ಬೇರೆ ಪೆಟ್ಟೂ ಇದೆ. ನಾಯಿ ನೀರು ಜಾಸ್ತಿ ಕುಡಿಯುತ್ತದೆ, ಮನೆಯಲ್ಲೇ ಉಚ್ಚೆ ಮಾಡುತ್ತದೆ, ಹಸಿವು ತಡೆಯದೆ ತೂಕ ಏರುತ್ತದೆ, ಹೊಟ್ಟೆ ಜೋತು ಬೀಳುತ್ತದೆ. ಚರ್ಮ ತೆಳುವಾಗುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಕೂದಲ ಬುಡದಲ್ಲಿ ಇರುವ ಡೆಮೊಡೆಕ್ಸ್ ಎಂಬ ನುಸಿಯಿಂದ ಬಂದ ರೋಗಕ್ಕಂತೂ ಸ್ಟಿರಾಯ್ಡ್ ಬೆಂಕಿಗೆ ತುಪ್ಪ ಸುರಿದ ಹಾಗೆ. ಅದಕ್ಕೆ ಮುಂದಿನ ಸಲ ಯಾರು ಇಂಜೆಕ್ಷನ್ ಮಾಡಿದರೂ ಅದರ ಹೆಸರು, ಪ್ರಮಾಣ, ತಾರೀಖನ್ನು ಬರೆಸಿಕೊಳ್ಳಿ. ಕೇಳುವುದು ನಿಮ್ಮ ಹಕ್ಕು, ಯಾವ ವೈದ್ಯರೂ ಸಿಟ್ಟಾಗಬಾರದು. ಈಗ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ದಿನಾ ನಡೆದಿದ್ದರೆ ಮಾತ್ರ ನನ್ನ ಈ ಬರಹ ಓದಿ ಒಮ್ಮೆಲೇ ನಿಲ್ಲಿಸಬೇಡಿ. ಹಂತ ಹಂತವಾಗಿ ಇಳಿಸಬೇಕು, ಇಲ್ಲದಿದ್ದರೆ ನಾಯಿ ಕುಸಿದು ಬೀಳಬಹುದು.

ರಾಜಾನಿಗೆ ಒಂದೇ ರೋಗವಿಲ್ಲ ಎಂಬುದು ನಿಮ್ಮ ಪತ್ರ ಓದಿ ನನಗನ್ನಿಸಿದ್ದು. ಬಾಲದ ಬುಡ ಬೋಳಾಗಿರುವುದು ಚಿಗಟದ ಗುರುತು. ಹೊಟ್ಟೆಯ ಗುಳ್ಳೆ ಸೋಂಕಿನದು. ಬೆರಳು ನೆಕ್ಕುವುದು, ಕಿವಿ ನಾರುವುದು ಅಲರ್ಜಿಯ ಕಡೆ ಬೆರಳು ತೋರಿಸುತ್ತವೆ. ಮೂರೂ ಸೇರಿ ತುರಿಕೆಯನ್ನು ಏರಿಸುತ್ತಿವೆ. ತುರಿಕೆಯ ಲೆಕ್ಕ ಎತ್ತಿನ ಗಾಡಿಯ ಹೇರಿನಂತೆ. ಎತ್ತು ಒಂದು ಮಟ್ಟದವರೆಗೆ ಎಳೆಯುತ್ತದೆ, ಅದರ ಮೇಲೆ ಒಂದು ಚೀಲ ಹೇರಿದರೆ ನಿಂತುಬಿಡುತ್ತದೆ. ನಾವು ಎಲ್ಲ ಚೀಲ ಇಳಿಸಲಾಗದಿದ್ದರೂ ಎರಡು ಇಳಿಸಿದರೆ ಗಾಡಿ ನಡೆಯುತ್ತದೆ. ಯಾವುದನ್ನು ಮೊದಲು ಇಳಿಸಬೇಕು ಎಂಬುದಕ್ಕೆ ಒಂದು ಕ್ರಮವಿದೆ. ಮೊದಲು ಹುಳು-ಹುಪ್ಪಟೆ, ಆಮೇಲೆ ಸೋಂಕು, ಆಮೇಲೆ ಆಹಾರ, ಅಷ್ಟೂ ಆದ ಮೇಲೂ ಉಳಿದ ತುರಿಕೆಗೆ ವಾತಾವರಣದ ಅಲರ್ಜಿ ಎಂದು ಹೆಸರಿಡುವುದು. ಜನ ಈ ಕ್ರಮವನ್ನು ತಲೆಕೆಳಗು ಮಾಡುತ್ತಾರೆ. ಚಿಗಟ ನೋಡದೆ ಚಿಕನ್ ಬಿಡಿಸುತ್ತಾರೆ, ಸೋಂಕು ನೋಡದೆ ಸಾವಿರಾರು ರೂಪಾಯಿ ಕೊಟ್ಟು ರಕ್ತದ ಅಲರ್ಜಿ ಪರೀಕ್ಷೆ ಮಾಡಿಸುತ್ತಾರೆ.

"ನಮ್ಮ ನಾಯಿಗೆ ಚಿಗಟ ಇಲ್ಲರಿ, ನೋಡೀವಿ" ಎಂದು ನೀವು ಹೇಳಬಹುದು. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಯ ಮೈಮೇಲೆ ಚಿಗಟ ಸಿಗುವುದೇ ಕಷ್ಟ. ತುರಿಕೆ ತಾಳದೆ ಅದು ಹಲ್ಲಿನಿಂದ ಕಚ್ಚಿ ಕಚ್ಚಿ ಹುಡುಕಿ ನುಂಗಿರುತ್ತದೆ. ನಾಲ್ಕಾರು ಚಿಗಟ ಕಡಿದರೂ ಸಾಕು, ಅದಕ್ಕೆ ವಾರಗಟ್ಟಲೆ ತುರಿಕೆ. ಅದಕ್ಕೆ ಹೀಗೆ ಮಾಡಿ. ಹೇನಿನ ಹಣಿಗೆಯಿಂದ ಬಾಲದ ಬುಡ ಮತ್ತು ಬೆನ್ನನ್ನು ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಪುಡಿಯ ಸುತ್ತ ಕೆಂಪು-ಕಂದು ಬಣ್ಣ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ನಿಮ್ಮ ರಾಜಾನದೇ ರಕ್ತ. ಗುದದ ಸುತ್ತ ಅಥವಾ ಮಲಗಿದ ಜಾಗದಲ್ಲಿ ಒಣಗಿದ ಅಕ್ಕಿಕಾಳಿನಂಥ ಚೂರು ಕಂಡರೆ ಅದೂ ಸಾಕ್ಷಿಯೇ. ಚಿಗಟ ನುಂಗಿದ ನಾಯಿಗೆ ಬರುವ ಲಾಡಿಹುಳುವಿನ ತುಂಡು ಅದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಮನೆಗಳ ಕಥೆ ಇಲ್ಲೇ ಇದೆ. ನಾಯಿಯ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದಲ್ಲಿ ನೂರಕ್ಕೆ ಐದರಷ್ಟು. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡಿನ ರೂಪದಲ್ಲಿ ನಿಮ್ಮ ಮನೆಯಲ್ಲಿದೆ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಅವು ಅಂಟಿಕೊಳ್ಳುವುದಿಲ್ಲ, ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತವೆ. ಮರಿಹುಳು ಬೆಳಕಿಗೆ ಅಂಜಿ ಸಂದಿಗೆ ಇಳಿಯುತ್ತದೆ. ನಮ್ಮ ಹಳೆಯ ಮನೆಗಳ ಪಡಸಾಲೆಯ ಫರಸಿ ಕಲ್ಲಿನ ಸಂದಿ, ಬಾಗಿಲ ಹೊಸ್ತಿಲ ಕೆಳಗೆ, ನಾಯಿಗೆ ಹಾಸಿದ ಹಳೆಯ ಕೌದಿಯ ಹೊಲಿಗೆಗಳ ಒಳಗೆ. ಅಜ್ಜಿ ಹೊಲಿದ ಕೌದಿ ಬೆಚ್ಚಗೆ, ಮೆತ್ತಗೆ ಇರುತ್ತದೆ ಎಂದು ನಾಯಿಗೆ ಹಾಸುತ್ತೇವೆ. ಐದಾರು ಪದರು ಹಳೆಯ ಸೀರೆ, ಧೋತರ ಸೇರಿಸಿ ಹೊಲಿದದ್ದು ಅದು. ಒಗೆಯುವುದು ವರ್ಷಕ್ಕೊಮ್ಮೆ. ಚಿಗಟಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇಕೆ?

ಮರಿಹುಳುಗಳಿಗೆ ಒಣಹವೆ ಆಗಿಬರುವುದಿಲ್ಲ. ಗದಗದ ಏಪ್ರಿಲ್ ಬಿಸಿಲಿನಲ್ಲಿ ಬಯಲಲ್ಲಿದ್ದವು ಒಣಗಿ ಸಾಯುತ್ತವೆ. ಗೂಡು ಕಟ್ಟಿಕೊಂಡವು ಮಾತ್ರ ಒಳಗೇ ತಿಂಗಳುಗಟ್ಟಲೆ ಕಾಯಬಲ್ಲವು. ಮೃಗಶಿರಾ ಮಳೆ ಬಿದ್ದು ಹವೆ ತಂಪಾಗಿ ತೇವ ಏರಿತೋ, ಮೂರು-ನಾಲ್ಕು ವಾರಕ್ಕೊಂದು ಹೊಸ ತಲೆಮಾರು. ನಡೆದಾಡುವ ಸದ್ದು, ಮೈಯ ಕಾವು, ಉಸಿರು ಇಷ್ಟು ತಾಗಿದರೆ ಸಾಕು, ಗೂಡೊಡೆದು ಜಿಗಿಯುತ್ತವೆ. ರಾಜಾನ ತುರಿಕೆ ಮೊದಲ ವರ್ಷ ಮಳೆಯ ಜೊತೆ ಬಂದು ದಸರೆಗೆ ಹೋದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಾಗಿ ನಾಯಿಗೆ ಒಂದು ಪುಡಿ ಉದುರಿಸಿ ಬಿಟ್ಟರೆ ಕೆಲಸವಾಗದು. ನಾನು ಈಗ ಹೆಚ್ಚಾಗಿ ಕೊಡುವುದು ಫ್ಲೂರಲಾನರ್ ಅಥವಾ ಅಫಾಕ್ಸೊಲಾನರ್ ಗುಂಪಿನ ಮಾತ್ರೆ. ಕೆಲವು ತಿಂಗಳಿಗೊಂದು, ಕೆಲವು ಮೂರು ತಿಂಗಳಿಗೊಂದು. ಬೆಲೆ ಹೆಚ್ಚು ಅನ್ನಿಸುತ್ತದೆ. ಎರಡು ವರ್ಷದ ಇಂಜೆಕ್ಷನ್, ನಾಲ್ಕು ಶಾಂಪೂ ಬಾಟಲಿಯ ಖರ್ಚು ಕೂಡಿಸಿ ನೋಡಿ, ಆಮೇಲೆ ಮಾತಾಡೋಣ. ಈ ಮಾತ್ರೆಯ ದೊಡ್ಡ ಲಾಭವೆಂದರೆ ಚಿಗಟ, ಉಣ್ಣಿ, ಕಜ್ಜಿಯ ನುಸಿ, ಡೆಮೊಡೆಕ್ಸ್ ಎಲ್ಲಕ್ಕೂ ಕೆಲಸ ಮಾಡುತ್ತದೆ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಜ್ಜಿಯ ನುಸಿ ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಸಂಶಯವಿದ್ದರೆ ಔಷಧ ಕೊಟ್ಟು ನೋಡುವುದೇ ಪರೀಕ್ಷೆ. ನಾಯಿಗೆ ಹಿಂದೆ ಎಂದಾದರೂ ಮೂರ್ಛೆ, ಸೆಟೆತ ಬಂದಿದ್ದರೆ ಮೊದಲೇ ಹೇಳಿ, ಆಗ ಬೇರೆ ದಾರಿ ನೋಡಬೇಕು. ಮನೆಯಲ್ಲಿ ಇನ್ನೊಂದು ನಾಯಿ, ಬೆಕ್ಕು ಇದ್ದರೆ ಅವಕ್ಕೂ ಅವುಗಳದೇ ಔಷಧ ಬೇಕು. ನಾಯಿಯದನ್ನು ಬೆಕ್ಕಿಗೆ ಹಾಕಬೇಡಿ, ಪರ್ಮೆತ್ರಿನ್ ಇರುವ ಔಷಧ ಬೆಕ್ಕಿನ ಜೀವವನ್ನೇ ತೆಗೆದೀತು. ಕನಿಷ್ಠ ಮೂರು ತಿಂಗಳು ಬಿಡದೆ ನಡೆಸಿ. ಕೌದಿಯನ್ನು ಕುದಿಯುವ ನೀರಲ್ಲಿ ನೆನೆಸಿ ಒಗೆದು ಬಿಸಿಲಿಗೆ ಒಣಹಾಕಿ, ಅಥವಾ ಸುಟ್ಟುಬಿಡಿ. ಅದರ ಬದಲು ವಾರಕ್ಕೊಮ್ಮೆ ಒಗೆಯಬಹುದಾದ ಒಂದೇ ಪದರಿನ ಚಾದರ ಹಾಸಿ. ಫರಸಿಯ ಸಂದಿಗಳನ್ನು ಸಿಮೆಂಟಿನಿಂದ ತುಂಬಿಸಿದರೆ ಚಿಗಟದ ಜೊತೆಗೆ ಉಣ್ಣಿಯ ಕಾಟವೂ ಅರ್ಧ ಕಡಿಮೆ. ನಾಯಿಯ ಕಂದು ಉಣ್ಣಿ ಗೋಡೆ ಹತ್ತಿ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಅದು ತರುವ ಎರ್ಲಿಕಿಯಾ ಜ್ವರ ಚರ್ಮದ ರೋಗಕ್ಕಿಂತ ಎಷ್ಟೋ ಪಾಲು ಅಪಾಯದ್ದು.

ಸುಟ್ಟ ಆಯಿಲ್ ಬಗ್ಗೆ ಕೇಳಿದ್ದೀರಿ. ಬೇಡ. ಈ ಸಲಹೆ ಎಲ್ಲ ಗ್ಯಾರೇಜಿನ ಮುಂದೆಯೂ ಪುಕ್ಕಟೆ ಸಿಗುತ್ತದೆ. ಚರ್ಮದ ಮೇಲಿರುವ ನಾಲ್ಕಾರು ನುಸಿ ಅದರಲ್ಲಿ ಉಸಿರುಗಟ್ಟಿ ಸತ್ತರೂ ನಾಯಿ ಅದನ್ನು ನೆಕ್ಕುತ್ತದೆ. ಎಂಜಿನ್ನಿನ ಲೋಹದ ಪುಡಿ, ಸುಟ್ಟ ಎಣ್ಣೆಯ ವಿಷ ಹೊಟ್ಟೆಗೆ ಹೋಗುತ್ತದೆ, ಗಾಯವಾದ ಚರ್ಮ ಇನ್ನೂ ಉರಿಯುತ್ತದೆ. ಸೀಮೆಎಣ್ಣೆಗೂ ಇದೇ ಮಾತು. ದನಗಳ ಉಣ್ಣಿಗೆ ಸಿಂಪಡಿಸುವ ಔಷಧವನ್ನು ಅಂದಾಜಿನಲ್ಲಿ ಬಕೆಟ್ಟಿಗೆ ಸುರಿದು ನಾಯಿಗೆ ಹಾಕುವವರೂ ಇದ್ದಾರೆ, ನಡುಗುತ್ತ ಜೊಲ್ಲು ಸುರಿಸುತ್ತ ಬಂದ ಎಷ್ಟೋ ನಾಯಿಗಳನ್ನು ನೋಡಿದ್ದೇನೆ. ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಔಷಧ ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ. ಎಮ್ಮೆಯ ಅಳತೆ ನಾಯಿಗೆ ಹೊಂದುವುದಿಲ್ಲ, ಕಾಲಿ ಎಂಬ ಕುರಿ ಕಾಯುವ ತಳಿಯ ಮತ್ತು ಅದರ ಮಿಶ್ರ ತಳಿಯ ನಾಯಿಗಳಲ್ಲಿ ಅದು ಮಿದುಳಿಗೆ ಇಳಿದು ಪ್ರಾಣಕ್ಕೆ ಬರುತ್ತದೆ. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ಮೈ ತೊಳೆದರೆ ಕೆಡುಕಿಲ್ಲ, ಅದೊಂದರಿಂದಲೇ ಗುಣವಾಗುತ್ತದೆ ಎಂದು ಕೂರಬೇಡಿ ಅಷ್ಟೇ. ಅರಿಶಿನ ಹಚ್ಚಿದರೆ ಗಾಯದ ಬಣ್ಣ ನನಗೆ ಕಾಣಿಸುವುದಿಲ್ಲ, ಅದೊಂದೇ ನನ್ನ ತಕರಾರು.

ಸೋಂಕಿಗೆ ಬರೋಣ. ಹೊಟ್ಟೆಯ ಮೇಲಿನ ಗುಳ್ಳೆ, ದುಂಡಗೆ ಹೊಟ್ಟೇಳುವ ಹಕ್ಕಳೆ ಇವು ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಕಿವಿಯ ನಾತ, ಬೆರಳ ಸಂದಿಯ ಕಂದು ಜಿಡ್ಡು, ಬಗಲಲ್ಲಿ ಆನೆಯ ಚರ್ಮದಂತೆ ದಪ್ಪವಾಗಿ ಕಪ್ಪಾಗುವುದು ಮಲಸೀಜಿಯಾ ಎಂಬ ಯೀಸ್ಟಿನದು. ಎರಡೂ ನಾಯಿಯ ಚರ್ಮದ ಮೇಲೆ ಮೊದಲಿನಿಂದಲೇ ಇರುತ್ತವೆ. ಅಲರ್ಜಿಯಿಂದ ಚರ್ಮದ ಬೇಲಿ ಮುರಿದಾಗ ಹೊಲಕ್ಕೆ ನುಗ್ಗುತ್ತವೆ. ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತು ನಿಮಿಷದಲ್ಲಿ ಯಾವುದು ಎಂದು ಗೊತ್ತಾಗುತ್ತದೆ. ಈ ಪರೀಕ್ಷೆ ಮಾಡದೆ ಆ್ಯಂಟಿಬಯೋಟಿಕ್ ಬರೆದರೆ 'ಯಾಕೆ' ಎಂದು ಕೇಳಿ. ಯೀಸ್ಟಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಇದ್ದು ಮಾತ್ರೆ ಕೊಟ್ಟರೆ, ಐದನೇ ದಿನಕ್ಕೆ ಗುಳ್ಳೆ ಮಾಯವಾಯಿತೆಂದು ನಿಲ್ಲಿಸದೆ ಹೇಳಿದಷ್ಟು ದಿನವೂ ನುಂಗಿಸಿ. ಪೂರ್ತಿ ಕೊಟ್ಟ ಮೇಲೂ ಹೋಗದಿದ್ದರೆ ಮಾತ್ರೆ ಬದಲಿಸುತ್ತ ಕೂರದೆ ಕೀವಿನ ಕಲ್ಚರ್ ಪರೀಕ್ಷೆ ಮಾಡಿಸಬೇಕು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಈಗ ನಾಯಿಗಳಲ್ಲೂ ಇವೆ.

ಶಾಂಪೂ ನಾಲ್ಕು ಬದಲಿಸಿದ್ದೀರಿ, ಆದರೆ ಮೈಮೇಲೆ ಎಷ್ಟು ಹೊತ್ತು ಬಿಟ್ಟಿರಿ? ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ, ಯೀಸ್ಟ್ ಇದ್ದರೆ ಜೊತೆಗೆ ಮೈಕೊನಜೋಲ್ ಇರುವಂಥದು, ಚರ್ಮದ ಮೇಲೆ ಹತ್ತು ನಿಮಿಷ ನಿಲ್ಲಬೇಕು. ಹಚ್ಚಿ ಕೂಡಲೇ ತೊಳೆದರೆ ಆ ದುಡ್ಡು ಬಚ್ಚಲಿಗೆ ಹೋಯಿತು. ನನ್ನ ಬಳಿ ಬರುವ ಅಜ್ಜ ಒಬ್ಬರು ಧಾರವಾಡ ಆಕಾಶವಾಣಿ ಹಚ್ಚಿಟ್ಟು ಎರಡು ಹಾಡು ಮುಗಿಯುವವರೆಗೆ ನಾಯಿಯ ಮೈ ತಿಕ್ಕುತ್ತ ಕೂರುತ್ತಾರೆ, ಅದೇ ಸರಿಯಾದ ಅಳತೆ. ನೀರು ಬಿಸಿ ಬೇಡ, ಬಿಸಿನೀರು ತುರಿಕೆ ಹೆಚ್ಚಿಸುತ್ತದೆ. ನಿಮ್ಮ ಕಡೆ ಬೋರಿನ ಸವಳು ನೀರಿನಲ್ಲಿ ನೊರೆ ಬರುವುದಿಲ್ಲವೆಂದು ಮತ್ತೆ ಮತ್ತೆ ಶಾಂಪೂ ಸುರಿಯುತ್ತಾರೆ, ತೊಳೆಯುವುದು ಮಾತ್ರ ಎರಡು ತಂಬಿಗೆ. ಶಾಂಪೂ ಉಳಿದರೆ ಅದೇ ತುರಿಸುತ್ತದೆ. ಮೊದಲು ಮೈ ಪೂರ್ತಿ ನೆನೆಸಿ, ಶಾಂಪೂವನ್ನು ಮಗ್ಗಿನ ನೀರಲ್ಲಿ ಕಲಸಿ ಹಚ್ಚಿ, ಕೊನೆಯ ಎರಡು ಬಕೆಟ್ ನಲ್ಲಿಯ ನೀರೋ ಮಳೆನೀರೋ ಆದರೆ ಒಳ್ಳೆಯದು. ಮಳೆಗಾಲದಲ್ಲಿ ಲ್ಯಾಬ್ರಡಾರ್‌ನ ದಟ್ಟ ಒಳಗೂದಲು ಒಣಗುವುದೇ ಇಲ್ಲ, ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ ಬಟ್ಟೆಯಿಂದ ಒತ್ತಿ ಒರೆಸಿ. ಮನುಷ್ಯರ ಸೋಪು, ಡೆಟಾಲ್ ಬೇಡ. ನಾಯಿಯ ಹೊರಚರ್ಮ ನಮ್ಮದಕ್ಕಿಂತ ತೆಳು. ಕಿವಿಗೆ ಕೊಬ್ಬರಿ ಎಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಡಿ. ಒಳಗಿನ ತಮಟೆ ಹರಿದಿದೆಯೋ ಇಲ್ಲವೋ ನೋಡದೆ ಏನನ್ನೂ ಸುರಿಯಬಾರದು.

ಈಗ ಚಿಕನ್. ಚಿಗಟ, ಸೋಂಕು ಎರಡನ್ನೂ ಹಿಡಿತಕ್ಕೆ ತಂದ ಮೇಲೂ ತುರಿಕೆ ಉಳಿದರೆ ಆಗ ಆಹಾರ ನೋಡಬೇಕು. ಚಿಕನ್ ಮೇಲೆ ಎಲ್ಲರಿಗೂ ಸಂಶಯ. ನೀವು ದಿನಾ ಬೆಳಿಗ್ಗೆ ಕೊಡುವ ಹಾಲಿನ ಮೇಲೆ ಯಾರೂ ಸಂಶಯ ಪಡಲಿಲ್ಲ. ನಾಯಿಗಳಲ್ಲಿ ಅಲರ್ಜಿ ತರುವ ಆಹಾರಗಳ ಸಾಲಿನಲ್ಲಿ ದನದ ಮಾಂಸ, ಹಾಲು, ಕೋಳಿ, ಗೋದಿ ಮುಂದಿವೆ. ನಾಯಿ ಆ ಆಹಾರವನ್ನು ಹೊಸದಾಗಿ ತಿಂದಿರಬೇಕೆಂದೂ ಇಲ್ಲ. ಎರಡು-ಮೂರು ವರ್ಷ ಆರಾಮವಾಗಿ ತಿಂದದ್ದಕ್ಕೇ ಅಲರ್ಜಿ ಹುಟ್ಟುತ್ತದೆ. ಹುಬ್ಬಳ್ಳಿಯ ಒಂದು ಮನೆಯವರು ಪ್ರತಿ ಶ್ರಾವಣಕ್ಕೆ ನಾಯಿ ತಾನೇ ಆರಾಮಾಗುತ್ತದೆ, ದೇವರ ದಯೆ ಎನ್ನುತ್ತಿದ್ದರು. ಶ್ರಾವಣದಲ್ಲಿ ಮನೆಯಲ್ಲಿ ಮಾಂಸ ಬೇಯುವುದಿಲ್ಲ, ನಾಯಿಗೂ ಇಲ್ಲ. ಚಿಕನ್ನೇ ಕಾರಣ ಎಂದು ನಾನೂ ನಂಬಿಬಿಟ್ಟೆ. ಸರಿಯಾಗಿ ಪರೀಕ್ಷೆ ಮಾಡಿದಾಗ ಗೊತ್ತಾದದ್ದು: ಚಿಕನ್ ತಿಂದರೂ ಏನೂ ಆಗಲಿಲ್ಲ. ಶ್ರಾವಣಕ್ಕೆಂದು ಆ ತಿಂಗಳು ಅವರು ಮನೆಯನ್ನೆಲ್ಲ ತೊಳೆದು, ಹಾಸಿಗೆ-ಹೊದಿಕೆ ಒಗೆದು ಹಾಕುತ್ತಿದ್ದರು. ನನ್ನ ಅವಸರಕ್ಕೆ ಅದೊಂದು ಒಳ್ಳೆಯ ಪಾಠವಾಯಿತು.

ಪರೀಕ್ಷೆ ಎಂದರೆ ಎಂಟು ವಾರ, ಅದಕ್ಕಿಂತ ಕಡಿಮೆ ಮಾಡಿದರೆ ಲೆಕ್ಕಕ್ಕಿಲ್ಲ. ರಾಜಾ ಇದುವರೆಗೆ ತಿನ್ನದ ಒಂದು ಪ್ರೋಟೀನು, ತಿನ್ನದ ಒಂದು ಪಿಷ್ಟ. ಮೀನು ತಿಂದಿಲ್ಲವಾದರೆ ಮುಳ್ಳು ತೆಗೆದು ಬೇಯಿಸಿದ ಮೀನು ಮತ್ತು ಗೆಣಸು. ಉಪ್ಪು-ಖಾರ ಇಲ್ಲದೆ, ಉಳ್ಳಾಗಡ್ಡಿ-ಬೆಳ್ಳುಳ್ಳಿಯಂತೂ ಮುಟ್ಟಿಸದೆ, ಅವೆರಡೂ ನಾಯಿಗೆ ವಿಷ. ಸಸ್ಯಾಹಾರಿ ಮನೆಯಾಗಿದ್ದರೆ, ಹಿಂದೆ ಕೊಟ್ಟಿಲ್ಲದ ಬೇಳೆಯೊಂದನ್ನು ಗೆಣಸಿನ ಜೊತೆ ಮೆತ್ತಗೆ ಬೇಯಿಸಿ ಕೊಡಬಹುದು. ಬೆಳೆದ ನಾಯಿಗೆ ಎಂಟು ವಾರದ ಮಟ್ಟಿಗೆ ವೈದ್ಯರು ಹೇಳಿದ ಪೂರಕದೊಂದಿಗೆ ನಡೆಯುತ್ತದೆ. ಮರಿಗಳಿಗೆ ಈ ಪ್ರಯೋಗ ಬೇಡ. ಪ್ರೋಟೀನನ್ನು ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರ ಸಿಗುತ್ತದೆ, ದುಬಾರಿ, ಆದರೆ ಅಡುಗೆಯ ರಗಳೆ ಇಲ್ಲ. ಅಂಗಡಿಯ 'ಕುರಿ ಮಾಂಸದ' ಚೀಲ ತಂದು ಕೊಟ್ಟರೆ ಪರೀಕ್ಷೆ ಆಗುವುದಿಲ್ಲ, ಬೇರೆ ಮಾಂಸದ ಅಂಶ ಅದರಲ್ಲಿ ಸೇರಿರುವುದು ಸಾಮಾನ್ಯ.

ಕಷ್ಟ ಇರುವುದು ಅಡುಗೆಯಲ್ಲಲ್ಲ, ಮನೆಮಂದಿಯಲ್ಲಿ. ಮಗ ಬಿಸ್ಕಿಟ್ ಕೊಡುತ್ತಾನೆ, ಅಜ್ಜಿ ಕಡೆಯ ತುತ್ತು ರೊಟ್ಟಿ ಎಸೆಯುತ್ತಾಳೆ, ಬಂದ ನೆಂಟರು 'ಒಂದ ಪೇಢೆ ತಿಂದ್ರ ಏನಾಗ್ತದ' ಎನ್ನುತ್ತಾರೆ. ಆ ಒಂದು ಪೇಢೆ ಎಂದರೆ ಹಾಲೇ ಅಲ್ಲವೆ? ಅದು ಬಿದ್ದ ದಿನದಿಂದ ಮತ್ತೆ ಒಂದು ಎಂದು ಎಣಿಸಬೇಕಾದೀತು. ಮಾಂಸದ ರುಚಿ ಸೇರಿಸಿದ ಜಂತುಹುಳದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅಗಿಯುವ ಎಲುಬು ಎಲ್ಲ ಬಂದ್. ಹಾಗಾಗಿ ನಾಗರಪಂಚಮಿ, ದೀಪಾವಳಿ, ಮನೆಯಲ್ಲಿ ಮದುವೆ ಇರುವ ತಿಂಗಳು ಇದನ್ನು ಶುರು ಮಾಡಬೇಡಿ. ಎಂಟು ವಾರದಲ್ಲಿ ತುರಿಕೆ ಇಳಿದರೂ ಪರೀಕ್ಷೆ ಮುಗಿಯಲಿಲ್ಲ. ಹಳೆಯ ಊಟವನ್ನು ಒಂದೊಂದಾಗಿ ವಾಪಸ್ ಕೊಡಬೇಕು, ಮೊದಲು ಹಾಲು ಎರಡು ವಾರ, ಆಮೇಲೆ ಚಿಕನ್ ಎರಡು ವಾರ. ಯಾವುದಕ್ಕೆ ಮತ್ತೆ ಕೆರೆದುಕೊಂಡಿತೋ ಅದೇ ಕಳ್ಳ. ಈ ಹೆಜ್ಜೆಗೆ ಯಾರೂ ಒಪ್ಪುವುದಿಲ್ಲ, 'ಆರಾಮಾಗೇದಲ್ರಿ, ಮತ್ಯಾಕ ಕೆದಕೂದು?' ಎನ್ನುತ್ತಾರೆ. ಕೆದಕದಿದ್ದರೆ ಗೆಣಸಿನಿಂದ ಇಳಿಯಿತೋ, ಮಳೆ ನಿಂತದ್ದಕ್ಕೆ ಇಳಿಯಿತೋ ಗೊತ್ತಾಗುವುದಿಲ್ಲ. ರಕ್ತ, ಕೂದಲು, ಜೊಲ್ಲು ತೆಗೆದು ಆಹಾರದ ಅಲರ್ಜಿ ಹೇಳುವ ಪರೀಕ್ಷೆಗಳನ್ನು ನಾನು ನಂಬುವುದಿಲ್ಲ.

ಇಷ್ಟಾದರೂ ಬೆರಳು ನೆಕ್ಕುವುದು, ಕಿವಿ ಕೆರೆಯುವುದು ನಿಲ್ಲದಿದ್ದರೆ ಅದು ಅಟೊಪಿ, ಅಂದರೆ ಧೂಳಿನ ನುಸಿ, ಬೂಷ್ಟು, ಪರಾಗ ಇಂಥವಕ್ಕೆ ಚರ್ಮ ಸಿಟ್ಟಾಗುವ ಹುಟ್ಟುಗುಣ. ನನಗೆ ಕೇಳಿದರೆ ರಾಜಾನಲ್ಲಿ ಇದು ಇರುವ ಸಂಭವವೇ ಹೆಚ್ಚು. ಲ್ಯಾಬ್ರಡಾರ್ ತಳಿಗೆ ಇದು ಬರುವುದು ಸಾಮಾನ್ಯ, ಆರು ತಿಂಗಳಿಂದ ಮೂರು ವರ್ಷದೊಳಗೆ ಶುರುವಾಗುತ್ತದೆ, ಮುಂಗಾಲು, ಕಿವಿ, ಬಗಲು ಹಿಡಿಯುತ್ತದೆ. ಮೊದಲು ಒಂದು ಹಂಗಾಮಿಗೆ ಬಂದು ವರ್ಷ ವರ್ಷಕ್ಕೆ ಹಿಗ್ಗುತ್ತ ಕೊನೆಗೆ ವರ್ಷವಿಡೀ ಆಗುತ್ತದೆ. ದಸರೆಯಿಂದ ಸಂಕ್ರಾಂತಿಗೆ, ಸಂಕ್ರಾಂತಿಯಿಂದ ಯುಗಾದಿಗೆ ಎಂದು ನೀವು ಬರೆದ ಸಾಲು ಅದೇ ಕಥೆ ಹೇಳುತ್ತದೆ. ಖಾಲಿ ಸೈಟುಗಳ ತುಂಬ ಎದ್ದಿರುವ ಕಾಂಗ್ರೆಸ್ ಹುಲ್ಲಿನಲ್ಲಿ ಅದನ್ನು ಓಡಾಡಿಸುತ್ತಿದ್ದರೆ ದಾರಿ ಬದಲಿಸಿ. ತಿರುಗಾಡಿ ಬಂದ ಮೇಲೆ ನಾಲ್ಕೂ ಪಾದ, ಹೊಟ್ಟೆಯನ್ನು ಬರೀ ನೀರಲ್ಲಿ ತೊಳೆದು ಒರೆಸಿ.

ಕಾಯಂ ಪರಿಹಾರ ಕೇಳಿದ್ದಿರಿ. ಅಟೊಪಿಯಾದರೆ ಇಲ್ಲ. ಇದನ್ನು ಮೊದಲ ದಿನವೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮಂದಿ ಗುಣ ಮಾಡುವ ವೈದ್ಯರನ್ನು ಹುಡುಕುತ್ತ ಊರೂರು ತಿರುಗುತ್ತಾರೆ. ಮನುಷ್ಯರ ಬಿಪಿ, ಶುಗರ್ ಹಿಡಿತದಲ್ಲಿಡುವ ಹಾಗೆ ಇದನ್ನೂ ಇಡಬಹುದು. ಓಕ್ಲಾಸಿಟಿನಿಬ್ ಎಂಬ ಮಾತ್ರೆ ಸ್ಟಿರಾಯ್ಡಿನಷ್ಟೇ ಬೇಗ ತುರಿಕೆ ಇಳಿಸುತ್ತದೆ, ನೀರಡಿಕೆ-ಹಸಿವಿನ ಕಾಟ ಇಲ್ಲ. ಒಂದು ವರ್ಷದೊಳಗಿನ ಮರಿಗೆ ಕೊಡುವಂತಿಲ್ಲ, ಸೋಂಕಿದ್ದಾಗ ಎಚ್ಚರ ಬೇಕು. ಸೈಕ್ಲೋಸ್ಪೋರಿನ್ ಎಂಬ ಇನ್ನೊಂದು ಔಷಧವಿದೆ, ಅದು ಅಗ್ಗವಲ್ಲ, ಕೆಲಸ ಶುರು ಮಾಡಲು ತಿಂಗಳು-ಒಂದೂವರೆ ತಿಂಗಳು ಬೇಕು. ಖರ್ಚು ತಡೆಯದವರಿಗೆ ನಾನು ಪ್ರೆಡ್ನಿಸೋಲೋನ್ ಮಾತ್ರೆಯನ್ನೇ ದಿನ ಬಿಟ್ಟು ದಿನ, ಎಷ್ಟು ಕಡಿಮೆಗೆ ನಡೆಯುತ್ತದೋ ಅಷ್ಟಕ್ಕೆ ಇಳಿಸಿ ಕೊಟ್ಟದ್ದಿದೆ. ತಿಂಗಳುಗಟ್ಟಲೆ ಮೈಯಲ್ಲಿ ಕೂರುವ ಇಂಜೆಕ್ಷನ್ನಿಗಿಂತ ಬೇಕಾದಾಗ ಇಳಿಸಬಹುದಾದ ಮಾತ್ರೆ ಮೇಲು. ಮೀನೆಣ್ಣೆ ಒಳ್ಳೆಯದು, ಫಲ ಕಾಣಲು ಎರಡು-ಮೂರು ತಿಂಗಳು. ಮನುಷ್ಯರ ಅಲರ್ಜಿ ಮಾತ್ರೆಗಳಿಂದ ನಾಯಿಗೆ ಸಿಗುವ ಲಾಭ ಕಡಿಮೆ. ರಕ್ತದ ಅಲರ್ಜಿ ಪರೀಕ್ಷೆಯಿಂದ ಅಟೊಪಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದಿಲ್ಲ. ಅಲರ್ಜಿಯ ಲಸಿಕೆ ಮಾಡಿಸುವುದಾದರೆ ಯಾವುದರ ವಿರುದ್ಧ ಎಂದು ಆರಿಸಲು ಮಾತ್ರ ಅದು ಬೇಕು.

ಇನ್ನೊಂದು ಮಾತು ಬೇಗ ಹೇಳಿಬಿಡುತ್ತೇನೆ, ಈ ಉತ್ತರ ಓದುವ ಬೇರೆಯವರಿಗೆ. ನಿಮ್ಮ ನಾಯಿ ತುರಿಸಿಕೊಳ್ಳುತ್ತಿಲ್ಲ, ಆದರೆ ಎರಡೂ ಬದಿಗೆ ಸಮನಾಗಿ ಕೂದಲು ಉದುರಿ, ಬಾಲ ಇಲಿಬಾಲದಂತಾಗಿ, ಮೈ ಭಾರವಾಗಿ ಮಂಕಾಗಿದೆಯಾದರೆ ದಾರಿಯೇ ಬೇರೆ. ಥೈರಾಯ್ಡ್ ನೋಡಿಸಬೇಕು.

ಇಷ್ಟೆಲ್ಲ ಮಾಡಲು ಸೂಕ್ಷ್ಮದರ್ಶಕ ಇರುವ, ಅದನ್ನು ಬಳಸುವ ವೈದ್ಯರೊಬ್ಬರು ಬೇಕು, ಮತ್ತು ನೀವು ಒಬ್ಬರ ಬಳಿಯೇ ನಿಲ್ಲಬೇಕು. ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಿ. ಇವತ್ತಿನಿಂದ ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಮನೆಯಲ್ಲಿ ತುರಿಕೆಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಬರೆಯಿರಿ. ನಿದ್ದೆ ಬಿಟ್ಟು ಕೆರೆದರೆ ಹತ್ತು, ಆರಾಮಾದ ನಾಯಿಯ ಹಾಗಿದ್ದರೆ ಸೊನ್ನೆ. ಅದರ ಪಕ್ಕಕ್ಕೆ ಆ ದಿನ ಕೊಟ್ಟ ಔಷಧ, ಮಾಡಿಸಿದ ಸ್ನಾನ, ಕದ್ದು ತಿಂದ ತಿನಿಸು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ವೈದ್ಯರ ಬಳಿ ಹೋಗುವಾಗ ಆ ಹಾಳೆ, ಹಳೆಯ ಚೀಟಿ, ಖಾಲಿ ಮಾತ್ರೆಯ ಪಟ್ಟಿ, ಶಾಂಪೂ ಬಾಟಲಿ ಎಲ್ಲ ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಮತ್ತೆ, ಮೂರು ದಿನ ಮುಂಚಿನಿಂದ ರಾಜಾನಿಗೆ ಸ್ನಾನ ಮಾಡಿಸಬೇಡಿ. ಮಂದಿ ಡಾಕ್ಟರ್ ಕಡೆ ಹೊರಟಿದ್ದೇವೆಂದು ನಾಯಿಗೆ ಘಮ್ಮೆನ್ನುವ ಹಾಗೆ ಜಳಕ ಮಾಡಿಸಿ, ಕಿವಿ ಒರೆಸಿ, ಪೌಡರ್ ಹಾಕಿ ಕರೆತರುತ್ತಾರೆ. ನನಗೆ ಬೇಕಾದ ಸಾಕ್ಷಿಯೆಲ್ಲ ಆಗಲೇ ಬಚ್ಚಲು ಹಿಡಿದು ಹೋಗಿರುತ್ತದೆ.